ಕೊಬ್ಬರಿ ಯಾಕೆ ಬೇಡ ಅಂತ ಅಮ್ಮಮ್ಮನಿಗೆ ಹೇಳೋರು ಯಾರು?

ಬ್ರಹ್ಮಾವರ, ಕುಂದಾಪುರ, ಬೈಂದೂರು ಕಡೆಯ ನಮಗೆ ಏರ್‌ಪೋರ್ಟ್ ಅಂದ್ರೆ ಬಜ್ಪೆ. ಟಿಕೆಟಿನಲ್ಲಿ ಮಂಗಳೂರು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಅಂತ ಇರುತ್ತೆ, ಬಾಯಲ್ಲಿ ಬಜ್ಪೆಯೇ. ಕುಂದಾಪುರದಿಂದ ಸುಮಾರು 90 ಕಿಲೋಮೀಟರ್, ಬೈಂದೂರಿಂದ ಇನ್ನೊಂದು 30 ಜಾಸ್ತಿ. 1951ರ ಡಿಸೆಂಬರ್ 25ಕ್ಕೆ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದ ಜಾಗ ಅದು. ಗುಡ್ಡದ ತಲೆ ಮೇಲಿನ ಟೇಬಲ್‌ಟಾಪ್ ರನ್‌ವೇ ಬಗ್ಗೆ ಸಿವಿಲ್ ಬ್ರಾಂಚಿನವರಿಗೆ ನಾವು ಹೇಳಬೇಕಿಲ್ಲ. ಬೆಂಗಳೂರಿನ ಹಾಗೆ ಒಳಗೆ ಗಂಟೆಗಟ್ಟಲೆ ಸುತ್ತೋದಿಲ್ಲ. ಪ್ರಾಯದವರಿಗೆ ಅದೇ ದೊಡ್ಡ ಉಪಕಾರ.

ಆದ್ರೆ ನಡಿಗೆ ಕಡಿಮೆಯಾದ್ರೆ ಸಾಕಾ?

ನಮ್ಮೂರಿನವರು ಬೆಂಗಳೂರು, ಮುಂಬೈಯಲ್ಲಿ ಹೋಟೆಲ್ ಇಟ್ಟವರು, ಗಲ್ಫಿನಲ್ಲಿ ದುಡಿಯುವವರು. ಮಗಳ ಬಾಣಂತನಕ್ಕೆ, ಮೊಮ್ಮಕ್ಕಳನ್ನು ನೋಡೋಕೆ ಅಂತ ಅಮ್ಮಮ್ಮಂದಿರು ಒಬ್ಬೊಬ್ಬರೇ ವಿಮಾನ ಹತ್ತುತ್ತಾರೆ. ಬ್ಯಾಗಿನಲ್ಲಿ ಹಪ್ಪಳ, ಉಪ್ಪಿನಕಾಯಿ, ಕೊಬ್ಬರಿ. ಸೆಕ್ಯೂರಿಟಿ ಸಾಲಿನಲ್ಲಿ (ಯಾವ ಊರಿನ ನಿಲ್ದಾಣ ಅಂತ ಬೇಡ, ಬೇಕಾದಷ್ಟು ಕಡೆ ಆಗೋದೇ) ಕೊಬ್ಬರಿ ಹೊರಗೆ ತೆಗಿಸ್ತಾರೆ. "ಎಂತಕೆ?" ಅಂದ್ರೆ ಹಿಂದಿಯಲ್ಲಿ "ಅಲೌಡ್ ನಹೀ ಹೈ". ಅಷ್ಟೇ.

ಕಾರಣ ಇಲ್ಲ ಅಂತಲ್ಲ. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ. ಗಾಳಿಯ ಜೊತೆ ಸೇರಿ ಒಳಗೊಳಗೇ ಬಿಸಿಯಾಗಿ ತಾನಾಗಿಯೇ ಬೆಂಕಿ ಹತ್ತಬಹುದು. ಅದಕ್ಕೇ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದಕ್ಕೆ ಯುಎನ್ 1363 ಅಂತ ನಂಬರೇ ಇದೆ. ಮಳೆಗಾಲಕ್ಕೆ ಅಟ್ಟದಲ್ಲಿ ಕೊಬ್ಬರಿ ಇಟ್ಟು ಗೊತ್ತಿರುವ ಅಮ್ಮಮ್ಮನಿಗೆ ಇದನ್ನು ಎರಡು ವಾಕ್ಯದಲ್ಲಿ ಕನ್ನಡದಲ್ಲಿ ಹೇಳಿದ್ರೆ ನಮ್ಮ ಕೆಮಿಸ್ಟ್ರಿ ಲ್ಯಾಬಿನವರಿಗಿಂತ ಬೇಗ ಅರ್ಥ ಆಗುತ್ತೆ. ಯಾರೂ ಹೇಳೋದಿಲ್ಲ. ಅವರು ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ ಮುಂದೆ ಹೋಗ್ತಾರೆ. ನಮಗೆ ಸಿಟ್ಟು ಬರೋದು ಅಲ್ಲಿ.

ಬೋರ್ಡಿನಲ್ಲಿ ಕನ್ನಡ ಇದೆಯಲ್ಲ ಅನ್ನಬಹುದು. ಇದೆ. ಆದ್ರೆ "ನಿರ್ಗಮನ ದ್ವಾರ" ಓದಿ ನಿಂತವರಿಗೂ "ಮೂರನೇ ಗೇಟಿಗೆ ಹೋಗಿ" ಅಂದ್ರೆ ತಕ್ಷಣ ತಿಳಿಯುತ್ತೆ. ಬೇಕಿರೋದು ಶುದ್ಧ ಕನ್ನಡ ಅಲ್ಲ, ಮಾತಾಡುವ ಕನ್ನಡ. 2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ವಿಮಾನ ನಿಲ್ದಾಣಗಳಿಗೆ ಹೇಳಿತ್ತು: ಘೋಷಣೆ ಮೊದಲು ಸ್ಥಳೀಯ ಭಾಷೆಯಲ್ಲಿ, ಆಮೇಲೆ ಹಿಂದಿ, ಇಂಗ್ಲಿಷ್. ಘೋಷಣೆಯೇ ಇಲ್ಲದ 'ಸೈಲೆಂಟ್' ನಿಲ್ದಾಣಗಳಿಗೆ ಮಾತ್ರ ಅದು ಅನ್ವಯಿಸಲ್ಲ. ಈಗ ಆಧುನಿಕ ಅಂದ್ರೆ ಸೈಲೆಂಟ್ ಅನ್ನೋ ಫ್ಯಾಷನ್ ಬಂದಿದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಸ್ಕ್ರೀನ್ ನೋಡುವ ನಮಗೆ ಅದು ಹಿತ. ಓದೋಕೆ ಕಣ್ಣು ಮಂಜಾದವರಿಗೆ?

ಆಸಾಡಿ ಅಮಾಸಿಗೆ ಕುಂದಾಪ್ರ ಕನ್ನಡ ದಿನ ಅಂತ ಸ್ಟೇಟಸ್ ಹಾಕೋದು ಸುಲಭ. (ನಾವೂ ಹಾಕ್ತೇವೆ, ಇರಲಿ.) ಅದರ ಜೊತೆ ಒಂದು ಕೆಲಸ ಮಾಡೋಣ ಅಂತ ನಮ್ಮ ವಾದ. ಸೆಕ್ಯೂರಿಟಿ ಸಾಲು ಶುರುವಾಗುವ ಕಡೆ ಊರಿನ ಭಾಷೆ ಬರುವ ಒಬ್ಬರನ್ನು ನಿಲ್ಲಿಸಿ ಅಂತ ನಿಲ್ದಾಣಕ್ಕೆ ಪತ್ರ ಬರೆಯೋಣ. ಜೊತೆಗೆ, ಏನು ಒಯ್ಯಬಾರದು, ಯಾಕೆ ಅಂತ ಹೇಳುವ ಒಂದೇ ನಿಮಿಷದ ಆಡಿಯೋ ನಾವೇ ಮಾಡೋಣ. ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕೋಕೆ ಯಾರ ಅನುಮತಿಯೂ ಬೇಡ. ಕುಂದಾಪ್ರ ಕನ್ನಡದ್ದು ನಾವು ಓದ್ತೇವೆ. ತುಳು, ಬ್ಯಾರಿ, ಕೊಂಕಣಿ ಬರುವವರು ಕ್ಲಬ್ಬಿಗೆ ಹೆಸರು ಕೊಡಿ.