ಸರ್ವರ್ ಸೇರಿತು, ಬ್ಯಾಂಕ್ ಸೇರಿತೇ?

ಸಾಫ್ಟ್‌ವೇರ್ ಒಂದಾದರೆ ಬ್ಯಾಂಕ್ ವಿಲೀನ ಮುಗಿದಂತೆಯೇ ಎಂದು ಕಳೆದ ವಾರದ ಲೇಖನ ತೀರ್ಪು ಕೊಟ್ಟಿದೆ. ಲೇಖಕರು ರೇಷ್ಮೆ ಬೆಳೆಯುವ ನಮ್ಮ ಕಾಮಗೆರೆ ಕಡೆ ಬಂದಂತಿಲ್ಲ.

ಇಲ್ಲಿನವರಿಗೆ ಪರಿಚಯವಿದ್ದದ್ದು ಮೈಸೂರಿನ ಕಾವೇರಿ ಗ್ರಾಮೀಣ ಬ್ಯಾಂಕ್. 2019ರ ಏಪ್ರಿಲ್ 1ರಂದು ಅದು ಪ್ರಗತಿ ಕೃಷ್ಣ ಗ್ರಾಮೀಣ ಬ್ಯಾಂಕಿನೊಂದಿಗೆ ಸೇರಿತು. ಪ್ರಧಾನ ಕಚೇರಿ ಬಳ್ಳಾರಿಯಾಯಿತು, ಪ್ರಾಯೋಜಕತ್ವ ಸ್ಟೇಟ್ ಬ್ಯಾಂಕಿನಿಂದ ಕೆನರಾಕ್ಕೆ ಹೋಯಿತು. 2025ರ ಮೇ 1ಕ್ಕೆ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಬಂದು ಸೇರಿತು. (ಆರು ವರ್ಷದಲ್ಲಿ ಎರಡು ಮದುವೆ!)

ಐಎಫ್‌ಎಸ್‌ಸಿ, ಪಾಸ್‌ಬುಕ್ ಬದಲಿಸುವುದು ಗುಮಾಸ್ತಿಕೆ; ನಿಜವಾದ ಕಷ್ಟ ಊರಿನ ಸಾಲದ ಲೆಕ್ಕ ಅರಿಯುವುದರಲ್ಲಿದೆ. ರೇಷ್ಮೆ ಬೆಳೆಗಾರನಿಗೆ ಚಾಕಿ (ಎಳೆಯ) ಹುಳು ತರುವ ದಿನವೇ ದುಡ್ಡು ಬೇಕು. ತಿಂಗಳೊಳಗೆ ಗೂಡು ಮಾರಿ ಸಾಲ ತೀರಿಸುತ್ತಾನೆ. ಈ ಲೆಕ್ಕ ಬಲ್ಲ ಮ್ಯಾನೇಜರ್ ವರ್ಗವಾದರೆ ಹೊಸಬರಿಗೆ ಹೇಳಿಕೊಡುವವರು ಯಾರು? ಮೂರು ಬ್ಯಾಂಕುಗಳ ಸಿಬ್ಬಂದಿಯ ಹಿರಿತನ, ಬಡ್ತಿ, ವರ್ಗಾವಣೆಯನ್ನು ಹೊಂದಿಸುವ ಕಷ್ಟಕ್ಕೂ ಲೇಖನದಲ್ಲಿ ಒಂದು ಸಾಲಿಲ್ಲ.