ಹುದ್ದೆಗೆ ನಿವೃತ್ತಿಯಿಲ್ಲ

ಹುದ್ದೆಗೆ ನಿವೃತ್ತಿಯಿಲ್ಲ, ನಿವೃತ್ತಿಯೇನಿದ್ದರೂ ಅದನ್ನು ಹೊತ್ತ ಮನುಷ್ಯನಿಗೆ ಎಂಬುದು ಭಾರತೀಯ ಸೇನೆಯ ಹಳೆಯ ನಂಬಿಕೆ. ಆದ್ದರಿಂದಲೇ ‘ನಿವೃತ್ತ’ ಎಂಬ ಪದವನ್ನು ಹುದ್ದೆಗೆ ಮೊದಲು ಬರೆಯದೆ, ಅಧಿಕಾರಿಯ ಹೆಸರಾದ ಮೇಲೆ ಆವರಣದೊಳಗೆ ಬರೆಯುವುದು ವಾಡಿಕೆ. ಕಾಗದದ ಮೇಲೆ ಆ ಆವರಣಕ್ಕೆ ತನ್ನದೇ ಗೌರವವಿದೆ. ಸುದ್ದಿವಾಹಿನಿಯ ಪರದೆಯ ಮೇಲೆ ಮಾತ್ರ ‘ಮೇಜರ್ ಜನರಲ್’ ಎಂಬುದು ಎದ್ದು ಕಾಣುತ್ತದೆ, ಆವರಣ ಯಾವುದೋ ಮೂಲೆ ಸೇರಿರುತ್ತದೆ. ವಾಹಿನಿಗೆ ಬೇಕಾದುದು ಹುದ್ದೆಯೇ.

ಯುದ್ಧದ ಸುದ್ದಿ ಬಂದ ದಿನ ಜತ್ತ ಸೀಮೆಯ ಒಂದು ಮನೆಯನ್ನು ನೆನೆಯಬಹುದು. ಸಾಂಗಲಿ, ಸಾತಾರಾ, ಕೊಲ್ಹಾಪುರದ ಕಡೆಯಿಂದ ಸೈನ್ಯಕ್ಕೆ ಸೇರುವುದು ತಲೆಮಾರುಗಳ ರೂಢಿ. ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರದಲ್ಲಿ ತರಬೇತಿ ಮುಗಿಸಿ ಹೋದ ಮಗನ ಫೋನು ಎರಡು ದಿನದಿಂದ ಬಂದಿಲ್ಲ. ಮನೆಯವರು ಬೆಂಗಳೂರಿನ ಕನ್ನಡ ವಾಹಿನಿಯಿಂದ ಮುಂಬಯಿಯ ಮರಾಠಿ ವಾಹಿನಿಗೆ, ಅಲ್ಲಿಂದ ದಿಲ್ಲಿಯ ಹಿಂದಿ ವಾಹಿನಿಗೆ ಹಾಯುತ್ತಾರೆ. ಮೂರು ಭಾಷೆಗಳಲ್ಲಿಯೂ ಅವರು ನಂಬುವುದು ಕೂಗಾಡುವ ನಿರೂಪಕನನ್ನಲ್ಲ. ನೆಟ್ಟಗೆ ಕುಳಿತ ನರೆಮೀಸೆಯ ಅಧಿಕಾರಿಯನ್ನು. ಗುಂಡಿನ ಸದ್ದನ್ನು ಹತ್ತಿರದಿಂದ ಕೇಳಿದವರು ಹುಸಿ ನುಡಿಯಲಾರರು ಎಂಬ ಭರವಸೆ ಅದು.

ಆ ಭರವಸೆಗೆ ಆಧಾರವಿಲ್ಲದೆ ಇಲ್ಲ. ಶತ್ರು ಶಿಖರದ ಮೇಲೆ ಕುಳಿತಿರುವಾಗ ಬುಡದಿಂದ ಏರುವುದೆಂದರೇನೆಂದು 1999ರ ಕಾರ್ಗಿಲ್ ಕಾಳಗದ ದಿನಗಳಲ್ಲಿ ಬಲ್ಲವರೇ ವಿವರಿಸಬೇಕಾಗಿತ್ತು. ಕ್ಷಿಪಣಿಗೂ ಡ್ರೋನಿಗೂ ಭೇದವರಿಯದ ನಿರೂಪಕನ ಪಕ್ಕದಲ್ಲಿ ಇಂದಿಗೂ ಅಂಥವರು ಬೇಕು. ತೊಡಕಿರುವುದು ಬೇರೆಡೆ. ಮಾತನಾಡುತ್ತಿರುವವರು ಇಂದು ಯಾರ ಅನ್ನ ಉಣ್ಣುತ್ತಿದ್ದಾರೆಂಬುದನ್ನು ನೋಡುಗನಿಗೆ ಯಾರೂ ಹೇಳುವುದಿಲ್ಲ.

ಈ ಪ್ರಶ್ನೆಯ ಬೆನ್ನುಹತ್ತಿದವರು ಅಮೆರಿಕದ ಪತ್ರಕರ್ತ ಡೇವಿಡ್ ಬಾರ್‌ಸ್ಟೊ. ಅವರ ಸುದೀರ್ಘ ವರದಿ 2008ರ ಏಪ್ರಿಲ್ 20ರಂದು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಅಚ್ಚಾಯಿತು. ಅದಕ್ಕೆ ಬೇಕಾದ ಕಡತಗಳಿಗಾಗಿ ಪತ್ರಿಕೆ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಕೊನೆಗೆ ದೊರೆತದ್ದು ಸುಮಾರು 8,000 ಪುಟ. ಇರಾಕ್ ಯುದ್ಧಕ್ಕೆ ಮೊದಲೇ ಆರಂಭವಾದ ಏರ್ಪಾಡೊಂದು ಅದರಲ್ಲಿ ಬಯಲಾಯಿತು. ದೂರದರ್ಶನದಲ್ಲಿ ಮಾತನಾಡುವ ನಿವೃತ್ತ ಅಧಿಕಾರಿಗಳನ್ನು ರಕ್ಷಣಾ ಇಲಾಖೆ ಒಟ್ಟುಗೂಡಿಸಿತ್ತು; ಕಾಲಾಂತರದಲ್ಲಿ ಅವರ ಸಂಖ್ಯೆ 75ನ್ನು ದಾಟಿತ್ತು. ಅವರಿಗೆ ರಕ್ಷಣಾ ಸಚಿವ ಡೊನಾಲ್ಡ್ ರಮ್ಸ್‌ಫೆಲ್ಡ್ ಅವರೊಡನೆ ಖಾಸಗಿ ಸಭೆಗಳು, ಇರಾಕಿಗೂ ಗ್ವಾಂಟನಾಮೊ ಸೆರೆಮನೆಗೂ ಪ್ರವಾಸ, ಆಡಬೇಕಾದ ಮಾತುಗಳ ಟಿಪ್ಪಣಿ. ಇಲಾಖೆಯ ಸಂದೇಶಕ್ಕೆ ಬಲ ಹೆಚ್ಚಿಸುವವರು ಎಂದೇ ಅದರ ಕಾಗದಗಳು ಅವರನ್ನು ಬಣ್ಣಿಸುತ್ತವೆ. ಬೆನ್ನೊಳಗೆ ಕೈಯಿಟ್ಟು ಬಾಯಿ ಆಡಿಸುವ ಗೊಂಬೆಯಂತೆ ತಮ್ಮನ್ನು ನಡೆಸಿಕೊಳ್ಳಲಾಯಿತು ಎಂಬರ್ಥದ ಮಾತನ್ನು ಫಾಕ್ಸ್ ವಾಹಿನಿಯ ವಿಶ್ಲೇಷಕರಾಗಿದ್ದ ರಾಬರ್ಟ್ ಬೆವೆಲಾಕ್ವಾ ಆಡಿದರು. ತೊಗಲುಬೊಂಬೆಯಾಟ ಕಂಡ ಸೀಮೆಯವರಿಗೆ ಇದಕ್ಕೆ ವ್ಯಾಖ್ಯಾನ ಬೇಡ.

ಅವರಲ್ಲಿ ಅನೇಕರು ಸೇನೆಗೆ ಸಾಮಗ್ರಿ ಪೂರೈಸುವ ಕಂಪನಿಗಳ ನಿರ್ದೇಶಕರು, ಸಲಹೆಗಾರರು ಅಥವಾ ಅವುಗಳ ಪರವಾಗಿ ಗುತ್ತಿಗೆ ಕುದುರಿಸುವವರು. ಯುದ್ಧ ಮುಂದುವರಿಯಬೇಕೆಂದು ಸಂಜೆ ಪರದೆಯ ಮೇಲೆ ಹೇಳುವವರಿಗೆ ಯುದ್ಧದಿಂದಲೇ ಲಾಭವಿರಬಹುದೆಂಬುದು ನೋಡುಗನಿಗೆ ತಿಳಿಯಲಿಲ್ಲ. ಎಷ್ಟೋ ವೇಳೆ ವಾಹಿನಿಗೂ ತಿಳಿದಿರಲಿಲ್ಲ. ವರದಿ ಬಂದ ಕೆಲವೇ ದಿನಗಳಲ್ಲಿ ಈ ಏರ್ಪಾಡನ್ನು ನಿಲ್ಲಿಸಲಾಯಿತು. ಯಾವ ತಪ್ಪೂ ಇಲ್ಲವೆಂದು 2009ರ ಜನವರಿಯಲ್ಲಿ ಸಾರಿದ ಇಲಾಖೆಯ ತನಿಖಾ ವರದಿ ದೋಷಗಳಿದ್ದುದರಿಂದ ಕೆಲವೇ ತಿಂಗಳಲ್ಲಿ ಹಿಂದೆಗೆಯಲ್ಪಟ್ಟಿತು. 2011ರ ಇನ್ನೊಂದು ತನಿಖೆಯೂ ನಿಯಮಭಂಗವಾಗಿಲ್ಲವೆಂದೇ ಹೇಳಿತು. ಹಾಗಿದ್ದರೆ ಆ ನಿಯಮ ಎಂಥದ್ದೆಂದು ಕೇಳಬೇಕಾಗುತ್ತದೆ. ಬಾರ್‌ಸ್ಟೊ ಅವರಿಗೆ 2009ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಿತು. ದೊಡ್ಡ ವಾಹಿನಿಗಳು ಮಾತ್ರ ತಮ್ಮದೇ ಮನೆಯ ಈ ಸುದ್ದಿಯ ವಿಷಯದಲ್ಲಿ ಬಹುಮಟ್ಟಿಗೆ ಮೌನ ವಹಿಸಿದವು.

ಇದಕ್ಕೆ ಹೊಂದಿಸಿ ನೋಡಬೇಕಾದ ಇನ್ನೊಂದು ಪ್ರಸಂಗವಿದೆ. ಇರಾಕಿನಲ್ಲಿ ಒಂದನೆಯ ಪದಾತಿ ಡಿವಿಷನ್ನಿನ ದಂಡನಾಯಕರಾಗಿದ್ದ ಮೇಜರ್ ಜನರಲ್ ಜಾನ್ ಬಟಿಸ್ಟ್ ನಿವೃತ್ತರಾದ ಮೇಲೆ ರಮ್ಸ್‌ಫೆಲ್ಡ್ ರಾಜೀನಾಮೆ ಕೇಳಿದವರಲ್ಲೊಬ್ಬರು. 2007ರಲ್ಲಿ ಅಧ್ಯಕ್ಷ ಬುಷ್ ಅವರ ಯುದ್ಧನೀತಿಯನ್ನು ಟೀಕಿಸುವ ಜಾಹೀರಾತಿನಲ್ಲಿ ಕಾಣಿಸಿಕೊಂಡರೆಂದು ಸಿಬಿಎಸ್ ವಾಹಿನಿ ಅವರನ್ನು ಸಲಹೆಗಾರರ ಸ್ಥಾನದಿಂದ ಬಿಡಿಸಿತು. ಅವರು ಪಕ್ಷ ಹಿಡಿದದ್ದು ಬಹಿರಂಗವಾಗಿ; ಊರೆಲ್ಲ ಕಂಡಿತ್ತು.

ಭಾರತದಲ್ಲಿ ಅಂಥ ಕಡತಗಳು ಹೊರಬಂದಿಲ್ಲ. ಇಲ್ಲಿಯ ಅಧಿಕಾರಿಗಳ ಮೇಲೆ ಅದೇ ಆರೋಪ ಹೊರಿಸುವುದು ಅನ್ಯಾಯ. ಇಲ್ಲಿ ಕೆಡಿಸುತ್ತಿರುವುದು ಅವರನ್ನು ಕೂರಿಸುವ ಜಾಗ. 2025ರ ಮೇ 8ರ ರಾತ್ರಿ ಕೆಲವು ವಾಹಿನಿಗಳು ಕರಾಚಿ ಬಂದರಿನ ಮೇಲೆ ದಾಳಿಯಾಯಿತೆಂದು ಸಾರಿದವು. ಬೆಳಗಾಗುವಾಗ ಅಂಥದ್ದೇನೂ ನಡೆದಿರಲಿಲ್ಲ. ಚರ್ಚೆಯ ನಡುವೆ ವಾಯುದಾಳಿಯ ಸೈರನ್ ಮೊಳಗಿಸುವುದೂ ಹೆಚ್ಚಿತು. ಜನ ಆ ಸದ್ದಿಗೆ ಒಗ್ಗಿಹೋದರೆ ನಿಜವಾದ ದಾಳಿಯ ವೇಳೆ ಕಿವಿಗೊಡಲಾರರು, ಅದನ್ನು ಬಳಸಬೇಡಿ ಎಂದು ನಾಗರಿಕ ರಕ್ಷಣಾ ಮಹಾನಿರ್ದೇಶನಾಲಯವೇ ಮೇ 10ರಂದು ಕೇಳಿಕೊಳ್ಳಬೇಕಾಯಿತು. ಆ ಗದ್ದಲದ ನಡುವೆ ‘ತಿಳಿಯದು’ ಎನ್ನುವ ಅಧಿಕಾರಿಗೆ ಎಷ್ಟು ನಿಮಿಷ ದೊರೆತೀತು? ಜತ್ತದ ಮನೆಗೆ ಆ ರಾತ್ರಿ ಬೇಕಾಗಿದ್ದುದು ಆ ಒಂದು ಪದವೇ ಇರಬಹುದು.

ವಾಹಿನಿಗಳು ಮಾಡಬೇಕಾದುದು ದೊಡ್ಡದೇನಲ್ಲ. ಹೆಸರಿನ ಕೆಳಗೆ ಇನ್ನೊಂದು ಸಾಲು ಸಾಕು: ಯಾವ ವರ್ಷ ನಿವೃತ್ತಿ, ಈಗ ಯಾವ ಕಂಪನಿ, ಸಂಸ್ಥೆ ಅಥವಾ ಪಕ್ಷದೊಡನೆ ಸಂಬಂಧ. ಹಸುವಿನ ಹಾಲೋ ಎಮ್ಮೆಯ ಹಾಲೋ ಎಂದು ಪೊಟ್ಟಣದ ಮೇಲೆ ಬರೆಯುವ ಕಾಲದಲ್ಲಿ ಇದು ಅತಿಯಾದ ಬೇಡಿಕೆಯಾಗದು.

ಸೈರನ್ ಸೂಚನೆ ಹೊರಟ ಮರುದಿನ, ಮೇ 11ರಂದು, ನಿವೃತ್ತ ಭೂಸೇನಾ ಮುಖ್ಯಸ್ಥ ಮನೋಜ್ ನರವಣೆ ಪುಣೆಯ ಸಮಾರಂಭವೊಂದರಲ್ಲಿ ಮಾತನಾಡಿದರು. ಯುದ್ಧ ರಮ್ಯವಾದುದಲ್ಲ, ಸಿನಿಮಾ ಅಲ್ಲ. ಆದೇಶ ಬಂದರೆ ಹೋಗುವುದು ಸರಿ, ಆದರೆ ತಮ್ಮ ಮೊದಲ ಆಯ್ಕೆ ರಾಜತಂತ್ರ ಎಂದರು. ಷೆಲ್ ದಾಳಿಗೆ ಹೆದರಿ ರಾತ್ರಿಯಲ್ಲಿ ಓಡಬೇಕಾದ ಗಡಿಯ ಮಕ್ಕಳ ಆಘಾತವನ್ನೂ ನೆನೆದರು. ಅದು ಸುದ್ದಿವಾಹಿನಿಯ ಸ್ಟುಡಿಯೋ ಆಗಿರಲಿಲ್ಲ. ವೆಚ್ಚ ಲೆಕ್ಕಿಗರ ಸಂಸ್ಥೆಯೊಂದರ ಸಭೆ.