ನೀರು ಬರುವ ಮುಂಚೆ ಪೈಪಿನ ಲೆಕ್ಕ ಕೊಡಿ

ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಫೆಬ್ರುವರಿ 1ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಿದ 5,300 ಕೋಟಿ ರೂಪಾಯಿಯ ಜಗಳ ಚಿತ್ರದುರ್ಗದ ಪ್ರತಿ ಟೀ ಅಂಗಡಿಯಲ್ಲೂ ನಡೆದಿದೆ. ನಡೆಯಲೇಬೇಕು. ಅದರ ನಡುವೆ ಯೋಜನೆಯ ಇನ್ನೊಂದು ಅಂಕಿಯತ್ತ ಯಾರೂ ಸರಿಯಾಗಿ ಕಣ್ಣು ಹಾಯಿಸಿಲ್ಲ: 2,25,515 ಹೆಕ್ಟೇರ್. ಚಿಕ್ಕಮಗಳೂರು, ದಾವಣಗೆರೆ, ತುಮಕೂರು ಮತ್ತು ನಮ್ಮ ಜಿಲ್ಲೆಯ ಇಷ್ಟು ಭೂಮಿಗೆ ನೀರು ಸಿಗುವುದು ಹೊಲದ ಕಾಲುವೆಯಿಂದಲ್ಲ, ಹನಿ ನೀರಾವರಿಯಿಂದ. ಅಂದರೆ ನೀರಿನ ಜೊತೆ ಪ್ಲಾಸ್ಟಿಕ್ಕೂ ಬರುತ್ತದೆ.

ಎಷ್ಟು? ಹೊಳಲ್ಕೆರೆಯ ಅಡಿಕೆ ತೋಟದ ಲೆಕ್ಕವನ್ನೇ ಹಿಡಿಯೋಣ. ಒಂಬತ್ತು ಅಡಿಗೊಂದು ಸಾಲು, ಸಾಲಿಗೊಂದೇ ಪೈಪು ಎಂದರೂ ಹೆಕ್ಟೇರಿಗೆ ಮೂರೂವರೆ ಕಿಲೋಮೀಟರ್ ದಾಟುತ್ತದೆ. ಟೊಮೆಟೊ, ಈರುಳ್ಳಿಯಲ್ಲಿ ಸಾಲು ಇನ್ನೂ ಹತ್ತಿರ. ಅಡಿಕೆಯ ಲೆಕ್ಕವನ್ನೇ ಇಡೀ ಯೋಜನೆಗೆ ಹಾಕಿದರೆ ಸುಮಾರು ಎಂಟು ಲಕ್ಷ ಕಿಲೋಮೀಟರ್ ಪೈಪು. ಚಂದ್ರನಲ್ಲಿಗೆ ಹೋಗಿ ವಾಪಸ್ ಬಂದರೂ ಒಂದಿಷ್ಟು ಮಿಗುತ್ತದೆ. ಬಿಸಿಲಿಗೆ ಒಣಗಿ, ಬೋರಿನ ಗಡಸು ನೀರಿನ ಉಪ್ಪು ಕಟ್ಟಿ, ಇಲಿ ಅಳಿಲು ಕಡಿದು ಈ ಪೈಪು ಕೆಲವೇ ವರ್ಷಗಳಲ್ಲಿ ಕೈ ಕೊಡುತ್ತದೆ. ಆಮೇಲೆ ಅದು ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಉತ್ತರವಿಲ್ಲ.

ಉತ್ತರ ನಮ್ಮಲ್ಲಿದೆ ಎನ್ನುವವರು ಬೆಂಗಳೂರಿನಲ್ಲಿದ್ದಾರೆ. ಪ್ಲಾಸ್ಟಿಕ್ಕಿನಿಂದ ಎಣ್ಣೆ ತೆಗೆಯುತ್ತೇವೆ, ಟೈಲ್ಸ್ ಮಾಡುತ್ತೇವೆ, ಕಿಣ್ವ ಬಿಟ್ಟು ಕರಗಿಸುತ್ತೇವೆ ಎನ್ನುವ ಸ್ಟಾರ್ಟ್‌ಅಪ್‌ಗಳಿಗೆ ಈಗ ಬರವಿಲ್ಲ. ರಾಜ್ಯ ಸರ್ಕಾರದ ‘ಎಲಿವೇಟ್’ ಯೋಜನೆಯಲ್ಲಿ ಆಯ್ಕೆಯಾದ ಕಂಪನಿಗೆ 50 ಲಕ್ಷ ರೂಪಾಯಿವರೆಗೆ ಸಹಾಯವೂ ಸಿಗುತ್ತದೆ. ‘ಬಿಯಾಂಡ್ ಬೆಂಗಳೂರು’ ಎಂದು ಹೊರಟ ಸರ್ಕಾರ ಮೊದಲು ಹೆಸರಿಸಿದ್ದು ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿಯನ್ನು. ಹುಬ್ಬಳ್ಳಿಗೆ ಹೋಗುವ ಹೆದ್ದಾರಿ ಹಿರಿಯೂರು, ಚಿತ್ರದುರ್ಗದ ಮೇಲೇ ಹಾದರೂ ಗಾಡಿ ಇಲ್ಲಿ ನಿಲ್ಲಲಿಲ್ಲ.

ಹಾಗೆಂದು ಬಂದ ಯಂತ್ರಕ್ಕೆಲ್ಲ ಹಾರ ಹಾಕಬೇಕಾಗಿಲ್ಲ. ಪೈರೊಲಿಸಿಸ್ ಎಂದರೆ ಗಾಳಿಯಾಡದ ಪಾತ್ರೆಯಲ್ಲಿ ಪ್ಲಾಸ್ಟಿಕ್ ಕಾಯಿಸಿ ಎಣ್ಣೆ ಇಳಿಸುವ ವಿಧಾನ. ಒಂದೇ ಜಾತಿಯ ಶುದ್ಧ ಪ್ಲಾಸ್ಟಿಕ್ ಹಾಕಿದರೆ ನಡೆಯುತ್ತದೆ. ಪಿವಿಸಿ ಬೆರೆತರೆ ಆಮ್ಲ ಹುಟ್ಟಿ ಯಂತ್ರವನ್ನೇ ತಿನ್ನುತ್ತದೆ. ಅಮೆರಿಕದ ಇಂಡಿಯಾನಾದಲ್ಲಿ ದೊಡ್ಡ ಸದ್ದು ಮಾಡಿದ ಬ್ರೈಟ್‌ಮಾರ್ಕ್‌ನ ಪೈರೊಲಿಸಿಸ್ ಘಟಕ 2025ರಲ್ಲಿ ದಿವಾಳಿ ಅರ್ಜಿ ಹಾಕಿತು. ಆರೆಗಾನ್‌ನ ರೀಜೆನಿಕ್ಸ್ ಅದಕ್ಕೂ ಒಂದು ವರ್ಷ ಮೊದಲೇ ಬಾಗಿಲು ಹಾಕಿತ್ತು. ಅಷ್ಟು ಬಂಡವಾಳ ಇದ್ದವರ ಕಥೆಯೇ ಹೀಗಾದರೆ, ಹೊಸದುರ್ಗದ ಕೈಗಾರಿಕಾ ನಿವೇಶನದಲ್ಲಿ ಅಗ್ಗದ ಜಾಗ ಕೇಳಿ ಬರುವವರನ್ನು ನಾಲ್ಕು ಪ್ರಶ್ನೆ ಕೇಳದೆ ಒಳಗೆ ಬಿಡಬಾರದು.

ಕಾಗದದ ಮೇಲಿನ ಮರುಬಳಕೆಯಂತೂ ನಮ್ಮಲ್ಲಿ ಯಂತ್ರಕ್ಕಿಂತ ಚೆನ್ನಾಗಿ ನಡೆಯುತ್ತದೆ. ಉತ್ಪಾದಕರೇ ತಮ್ಮ ಪ್ಲಾಸ್ಟಿಕ್ಕಿಗೆ ಹೊಣೆ ಎಂಬ ನಿಯಮದಡಿ ಮರುಬಳಕೆದಾರರು ಪ್ರಮಾಣಪತ್ರ ಕೊಡುತ್ತಾರೆ, ಕಂಪನಿಗಳು ಕೊಳ್ಳುತ್ತವೆ. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪರಿಶೀಲಿಸಿದಾಗ ಸುಮಾರು ಆರು ಲಕ್ಷ ನಕಲಿ ಪ್ರಮಾಣಪತ್ರ ಸಿಕ್ಕಿದವು. ಸಿಕ್ಕಿಬಿದ್ದ ಘಟಕಗಳ ರಾಜ್ಯಗಳಲ್ಲಿ ಗುಜರಾತ್, ಮಹಾರಾಷ್ಟ್ರದ ಜೊತೆ ಕರ್ನಾಟಕವೂ ಇತ್ತು.

ಇನ್ನೂ ದೊಡ್ಡ ತೂತು ಬೇರೆ ಇದೆ. 2022ರಲ್ಲಿ ಬಂದ ಆ ಹೊಣೆಗಾರಿಕೆಯ ನಿಯಮ ಪ್ಯಾಕಿಂಗ್ ಪ್ಲಾಸ್ಟಿಕ್ಕಿಗೆ ಸಂಬಂಧಿಸಿದ್ದು. ಚಿಪ್ಸ್ ಪೊಟ್ಟಣಕ್ಕೆ ಕಂಪನಿ ಹೊಣೆ, ತೋಟದ ಪೈಪಿಗೆ ಯಾರೂ ಅಲ್ಲ. ದಾಳಿಂಬೆ, ಪಪ್ಪಾಯ ತೋಟಕ್ಕೆ ಹಾಸುವ ಮಲ್ಚಿಂಗ್ ಶೀಟಿಗೂ ಯಾರೂ ಅಲ್ಲ. ಹೊಲದ ಪ್ಲಾಸ್ಟಿಕ್ ಸಣ್ಣ ಬಾಬತ್ತೇನಲ್ಲ: ಜಗತ್ತಿನ ಕೃಷಿ ಮತ್ತು ಪಶುಪಾಲನೆಯಲ್ಲಿ ವರ್ಷಕ್ಕೆ 1.25 ಕೋಟಿ ಟನ್ ಪ್ಲಾಸ್ಟಿಕ್ ಬಳಕೆಯಾಗುತ್ತದೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2021ರಲ್ಲೇ ಹೇಳಿದೆ.

ಇಲ್ಲಿ ಪೈಪನ್ನೂ ಶೀಟನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಹಳೇ ಡ್ರಿಪ್ ಪೈಪಿಗೆ ಹೊಸ ತಂತ್ರಜ್ಞಾನವೇ ಬೇಡ. ತೊಳೆದು, ಕತ್ತರಿಸಿ, ಕರಗಿಸಿ ಕಾಳು ಮಾಡಿದರೆ ಕಪ್ಪು ಟಬ್ಬು, ಪೈಪು ಆಗುತ್ತದೆ. ಗುಜರಿಯವರೂ ಕೆಜಿ ಲೆಕ್ಕದಲ್ಲಿ ಕೊಳ್ಳುತ್ತಾರೆ. ತೊಡಕಿರುವುದು ಮಲ್ಚಿಂಗ್ ಶೀಟಿನಲ್ಲಿ. ಇಪ್ಪತ್ತೈದು, ಮೂವತ್ತು ಮೈಕ್ರಾನ್ ತೆಳು ಹಾಳೆ. ಬೆಳೆ ಮುಗಿದು ಕಿತ್ತಾಗ ಚಿಂದಿ, ಅದರ ತುಂಬ ಮಣ್ಣು. ಗುಜರಿಯವರು ಮುಟ್ಟುವುದಿಲ್ಲ. ರೈತ ಬದುವಿನ ಮೇಲೆ ಗುಡ್ಡೆ ಹಾಕಿ ಬೆಂಕಿ ಇಡುತ್ತಾನೆ, ಇಲ್ಲವೇ ಉಳುಮೆಯಲ್ಲಿ ಮಣ್ಣಿಗೇ ಸೇರಿಸುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ. ಕೊಡಲು ಅವನಿಗೊಂದು ಜಾಗವಿಲ್ಲ.

ಆ ಮಣ್ಣನ್ನು ಬಿಡಿಸಲು ನೀರು ಬೇಕು. ಬರದ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ತೊಳೆಯಲು ನೀರು ಎಲ್ಲಿಂದ ತರುವುದು? ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ ಎಂಬುದನ್ನು ಹಿರಿಯೂರಿನವರಿಗೆ ನೆನಪಿಸಬೇಕಿಲ್ಲ. ನೀರಿಲ್ಲದೆ, ಇಲ್ಲವೇ ಅದೇ ನೀರನ್ನು ಸುತ್ತಿ ಸುತ್ತಿ ಬಳಸಿ ಮಣ್ಣು ಬಿಡಿಸುವ, ಟ್ರ್ಯಾಕ್ಟರಿನ ಹಿಂದೆ ಎಳೆದು ಹೊಲದಲ್ಲೇ ಹಾಳೆ ಸುತ್ತುವ ಯಂತ್ರ ತರುವ ಸ್ಟಾರ್ಟ್‌ಅಪ್ ಇದ್ದರೆ ಅದಕ್ಕೆ 50 ಲಕ್ಷ ಯಾಕೆ, ಇನ್ನೂ ಹೆಚ್ಚು ಕೊಡಿ.

ಹೈದರಾಬಾದಿನಲ್ಲಿ 2013ರಲ್ಲಿ ಶುರುವಾದ ಪ್ಲಾಸ್ಟಿಕ್ ಮರುಬಳಕೆ ಕಂಪನಿ ಬನ್ಯನ್ ನೇಷನ್ ಗಟ್ಟಿಯಾಗಿ ನಿಂತದ್ದಕ್ಕೆ ಯಂತ್ರವೊಂದೇ ಕಾರಣವಲ್ಲ; ಚಿಂದಿ ಆಯುವವರು, ಗುಜರಿ ಅಂಗಡಿಯವರಿಂದ ಮಾಲು ಸೇರಿಸುವ ಜಾಲವನ್ನು ಅದು ಕಟ್ಟಿಕೊಂಡಿತು. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಹಲವು ಗ್ರಾಮ ಪಂಚಾಯಿತಿಗಳ ಒಣ ಕಸವನ್ನು ಒಂದೇ ಘಟಕಕ್ಕೆ ತಂದು ವಿಂಗಡಿಸುತ್ತಾರೆ. ನಮ್ಮ ತಾಲ್ಲೂಕಿಗೂ ಅಂಥದ್ದೊಂದು ಬೇಕು, ಮನೆ ಕಸಕ್ಕಷ್ಟೇ ಅಲ್ಲ, ತೋಟದ ಪ್ಲಾಸ್ಟಿಕ್ಕಿಗೂ.

ದುಡ್ಡಿನ ದಾರಿಯೂ ಇದೆ. ಸಣ್ಣ ರೈತರ ಡ್ರಿಪ್ಪಿಗೆ ಶೇ 90ರಷ್ಟು ಸಹಾಯಧನ ಕೊಡುವುದು ಸರ್ಕಾರವೇ. ಏಳು ವರ್ಷ ಕಳೆದರೆ ಅದೇ ಜಮೀನಿಗೆ ಮತ್ತೆ ಪಡೆಯಲು ಅವಕಾಶವಿದೆ. ಆ ಎರಡನೇ ಕಂತಿಗೆ ಒಂದೇ ಷರತ್ತು ಹಾಕಲಿ: ಹೊಸ ಪೈಪು ಮಾರುವ ಕಂಪನಿ ಹಳೇ ಪೈಪನ್ನು ತೋಟದಿಂದ ತೂಕ ಮಾಡಿ ಒಯ್ಯಬೇಕು, ರೈತನಿಗೆ ಗುಜರಿ ದರಕ್ಕಿಂತ ಕಡಿಮೆ ಕೊಡಬಾರದು. ಮಾಡದ ಕಂಪನಿಯ ಬಿಲ್ಲು ಪಾಸಾಗಬಾರದು. ಹೊರೆ ಕಂಪನಿಯ ಮೇಲಿರಲಿ. ಇದನ್ನೇ ನೆಪ ಮಾಡಿ ರೈತನ ಅರ್ಜಿ ತಡೆದರೆ ಮೊದಲು ವಿರೋಧಿಸುವವರಲ್ಲಿ ನಾನೂ ಒಬ್ಬ.

ಭದ್ರಾ ನೀರಿಗಾಗಿ ಮುಂದಿನ ಸಭೆ ನಿಮ್ಮೂರಲ್ಲಿ ನಡೆದಾಗ ವೇದಿಕೆ ಮೇಲಿನ ಶಾಸಕರನ್ನು, ಸಂಸದರನ್ನು ಇದನ್ನೂ ಕೇಳಿ: ನೀರು ಯಾವಾಗ ಬರುತ್ತದೆ, ಪೈಪನ್ನು ಯಾರು ವಾಪಸ್ ಒಯ್ಯುತ್ತಾರೆ?